ಸ್ಟೀಫನ್ ಜ್ವೈಗ್: ಕೂತಲ್ಲೇ ದೇಶ ಕಳೆದುಕೊಂಡವನು

1938ರ ಮಾರ್ಚ್ 12ರಂದು ಹಿಟ್ಲರನ ಸೈನ್ಯ ಆಸ್ಟ್ರಿಯಾದ ಗಡಿ ದಾಟಿತು. ಮರುದಿನವೇ ಒಂದು ಕಾನೂನು ಬಂತು, ಆಸ್ಟ್ರಿಯಾ ಅನ್ನೋ ದೇಶ ಜರ್ಮನಿಯ ಒಂದು ಪ್ರಾಂತ್ಯವಾಯಿತು. ಆ ಹೊತ್ತಿಗೆ ಸ್ಟೀಫನ್ ಜ್ವೈಗ್ ವಿಯೆನ್ನಾದಲ್ಲಿ ಇರಲೇ ಇಲ್ಲ. ಅವನು ಲಂಡನ್ ಸೇರಿ ನಾಲ್ಕು ವರ್ಷವಾಗಿತ್ತು. ಅವನು ಯಾವ ಗಡಿಯನ್ನೂ ದಾಟಲಿಲ್ಲ, ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ, ಯಾರ ಮೇಲೂ ಕಲ್ಲು ತೂರಲಿಲ್ಲ. ಆದರೂ ಅವನ ಹತ್ತಿರವಿದ್ದ ಪಾಸ್‌ಪೋರ್ಟು ಆ ವಾರ ಬರೀ ಹಳೆ ಕಾಗದವಾಗಿಬಿಟ್ಟಿತು.

ಗಮನಿಸಬೇಕಾದ್ದು, ಇವನು ಯಾರೂ ಕೇಳದ ಬಡಪಾಯಿಯಲ್ಲ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಭಾಷೆಗಳಿಗೆ ಅನುವಾದವಾಗುತ್ತಿದ್ದ ಲೇಖಕರಲ್ಲಿ ಒಬ್ಬ. ದುಡ್ಡಿತ್ತು, ಹೆಸರಿತ್ತು, ರೊಮೇನ್ ರೋಲಾ, ಫ್ರಾಯ್ಡ್, ರಿಲ್ಕೆಯಂಥ ಗೆಳೆಯರಿದ್ದರು. ಓದದವರಿಗೂ ಅವನ ನೆರಳು ಗೊತ್ತಿರಬಹುದು: ವೆಸ್ ಆಂಡರ್ಸನ್‌ನ 2014ರ 'ದಿ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್' ಸಿನಿಮಾ ಹುಟ್ಟಿದ್ದೇ ಜ್ವೈಗ್‌ನ ಬರಹಗಳಿಂದ. ಗಡಿಯಲ್ಲಿ ರೈಲು ನಿಲ್ಲಿಸಿ, ಆ ಹೋಟೆಲ್ ಹುಡುಗನ ಕಾಗದ ನೋಡಿ ಸೈನಿಕರು ಅವನನ್ನು ಎಳೆದಾಡುವ ದೃಶ್ಯ ನೆನಪಿರಬೇಕು. ಆ ದೃಶ್ಯದ ಹಿಂದಿನ ಬದುಕನ್ನು ಹೇಳೋದಕ್ಕೆ ಈ ಬರಹ. ಒಂದು ನೆಲದ ಒಡೆತನ ಬದಲಾದಾಗ ಅಲ್ಲಿನ ಜನರ ಪೌರತ್ವ ಏನಾಗುತ್ತೆ ಅನ್ನೋ ಪ್ರಶ್ನೆಯನ್ನು ಕಾನೂನು ಪುಸ್ತಕಕ್ಕಿಂತ ಈ ಮನುಷ್ಯನ ಜೀವನದಲ್ಲಿ ಓದೋದು ನನಗೆ ಹೆಚ್ಚು ಉಪಯೋಗವಾಗಿದೆ.

ಜ್ವೈಗ್ ಹುಟ್ಟಿದ್ದು 1881ರ ನವೆಂಬರ್ 28ರಂದು, ವಿಯೆನ್ನಾದ ಶ್ರೀಮಂತ ಯಹೂದಿ ಕುಟುಂಬದಲ್ಲಿ. ಅಪ್ಪ ಮೊರಾವಿಯಾ ಕಡೆಯವನು, ಜವಳಿ ಕಾರ್ಖಾನೆಯ ಒಡೆಯ. ತಾಯಿ ಹುಟ್ಟಿದ್ದು ಇಟಲಿಯ ಅಂಕೋನಾದಲ್ಲಿ, ಬ್ಯಾಂಕಿಂಗ್ ಮನೆತನದಲ್ಲಿ. ಅಣ್ಣ ಅಪ್ಪನ ವ್ಯಾಪಾರ ಹಿಡಿದ. ಹಾಗಾಗಿ ತಮ್ಮನಿಗೆ ಕವಿತೆ ಬರೆಯುತ್ತಾ ಊರೂರು ತಿರುಗುವ ಸ್ವಾತಂತ್ರ್ಯ ಸಿಕ್ಕಿತು. 1904ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಆಯ್ತು. ಆಮೇಲೆ ಬರ್ಲಿನ್, ಪ್ಯಾರಿಸ್, ಬ್ರಸೆಲ್ಸ್, ಲಂಡನ್. 1908ರ ಕೊನೆಗೆ ಹೊರಟು ನಮ್ಮ ಕಡೆಗೂ ಬಂದ. ಕಲ್ಕತ್ತಾ, ಬನಾರಸ್, ಗ್ವಾಲಿಯರ್, ರಂಗೂನ್ ನೋಡಿಕೊಂಡು ಹೋದ. ಅಷ್ಟು ದೂರ ಬರಲು ತನಗೆ ಪಾಸ್‌ಪೋರ್ಟೇ ಬೇಕಾಗಿರಲಿಲ್ಲ ಎಂದು ಕೊನೆಗಾಲದ ಆತ್ಮಕಥನದಲ್ಲಿ ಬರೆದುಕೊಂಡ. ಈಗಿನ ಹುಡುಗರಿಗೆ ಇದನ್ನು ಹೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ ಅನ್ನೋ ಧಾಟಿಯಲ್ಲಿ.

ಇಲ್ಲಿ ನನಗೊಂದು ತಕರಾರಿದೆ. ಅದೇ 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಬಯಲಿನಲ್ಲಿ ಗಾಂಧೀಜಿ ಮತ್ತು ಭಾರತೀಯರು ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಕೊಪ್ಪರಿಗೆಗೆ ಹಾಕಿ ಸುಟ್ಟರು. ಟ್ರಾನ್ಸ್‌ವಾಲ್ ಕೂಡ ಕೈಬದಲಾದ ನೆಲವೇ. ಬೋಯರ್ ಗಣರಾಜ್ಯವಾಗಿದ್ದದ್ದು 1902ರ ಹೊತ್ತಿಗೆ ಬ್ರಿಟಿಷರ ವಶವಾಗಿತ್ತು. ಅಲ್ಲಿದ್ದ ಭಾರತೀಯರು ಹೆಸರಿಗೆ ಬ್ರಿಟಿಷ್ ಪ್ರಜೆಗಳು, ಆದರೆ ಅದೇ ಬಾವುಟದ ಕೆಳಗೆ ಬೆರಳಚ್ಚು ಕೊಟ್ಟು ಚೀಟಿ ಇಟ್ಟುಕೊಂಡು ತಿರುಗಬೇಕಿತ್ತು. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಕೆನಡಾಕ್ಕೆ ಹೋದ 376 ಮಂದಿಯೂ ಬ್ರಿಟಿಷ್ ಪ್ರಜೆಗಳೇ. ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ನಿಲ್ಲಿಸಿ, ಬಹುತೇಕ ಎಲ್ಲರನ್ನೂ ವಾಪಸ್ ಕಳಿಸಿದರು. ಜ್ವೈಗ್ ನೆನೆದು ಕಣ್ಣೀರಿಡುವ ಗಡಿಯಿಲ್ಲದ ಜಗತ್ತು ಅವನ ಬಣ್ಣದವರಿಗೆ, ಅವನ ಜೇಬಿನವರಿಗೆ ಮಾತ್ರ ಇತ್ತು. ಹಾಗಂತ ಅವನ ದುಃಖ ಸುಳ್ಳೇನೂ ಅಲ್ಲ. ನಮ್ಮವರು ಮೊದಲೇ ಕಲಿತ ಪಾಠವನ್ನು ಅವನು ಮೂವತ್ತು ವರ್ಷ ತಡವಾಗಿ ಕಲಿತ, ಅಷ್ಟೇ.

ಮೊದಲ ಮಹಾಯುದ್ಧ ಬಂತು. ಶುರುವಿನಲ್ಲಿ ಜ್ವೈಗ್‌ಗೂ ದೇಶಭಕ್ತಿಯ ಜ್ವರ ಏರಿತ್ತು. ವಿಯೆನ್ನಾದ ಯುದ್ಧ ದಾಖಲೆಗಳ ಕಚೇರಿಯಲ್ಲಿ ಕೂತು ಬರೆಯುವ ಕೆಲಸ. ಮೆಲ್ಲಗೆ ಜ್ವರ ಇಳಿಯಿತು, 1917ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಶಾಂತಿಯ ಪರ ನಿಂತ. 1919ರ ಮಾರ್ಚಿನಲ್ಲಿ ವಾಪಸ್ ಬರುವಾಗ ಫೆಲ್ಡ್‌ಕಿರ್ಖ್ ಗಡಿ ನಿಲ್ದಾಣದಲ್ಲಿ ಆಸ್ಟ್ರಿಯಾದ ಕೊನೆಯ ಚಕ್ರವರ್ತಿ ಕಾರ್ಲ್ ದೇಶ ಬಿಟ್ಟು ಹೋಗುವ ರೈಲನ್ನು ಕಂಡೆ ಎಂದು ಬರೆದಿದ್ದಾನೆ. ಒಂದು ಕಡೆ ಸಾಮ್ರಾಟ ದೇಶದಿಂದ ಹೊರಗೆ, ಇನ್ನೊಂದು ಕಡೆ ಲೇಖಕ ದೇಶದೊಳಗೆ. ಯಾವ ದೇಶ ಅನ್ನೋದು ಇನ್ನೂ ತೀರ್ಮಾನ ಆಗಿರಲಿಲ್ಲ.

5 ಕೋಟಿಗೂ ಹೆಚ್ಚು ಜನರಿದ್ದ ಸಾಮ್ರಾಜ್ಯ ಒಡೆದು ಚೂರಾಗಿತ್ತು. ಆಸ್ಟ್ರಿಯಾ, ಹಂಗೇರಿ, ಚೆಕೊಸ್ಲೊವಾಕಿಯಾ, ಪೋಲೆಂಡ್, ರೊಮೇನಿಯಾ, ಯುಗೊಸ್ಲಾವಿಯಾ, ಇಟಲಿ ಎಲ್ಲ ಪಾಲು ಹಂಚಿಕೊಂಡವು. ಯಾರು ಯಾವ ದೇಶದ ಪ್ರಜೆ? 1919ರ ಸೆಪ್ಟೆಂಬರ್ 10ರ ಸೇಂಟ್ ಜರ್ಮೇನ್ ಒಪ್ಪಂದ ಇದಕ್ಕೊಂದು ಸೂತ್ರ ಹಾಕಿತು. ಹಳೆಯ ಸಾಮ್ರಾಜ್ಯದಲ್ಲಿ ಪ್ರತಿಯೊಬ್ಬರಿಗೂ ಯಾವುದೋ ಒಂದು ಊರಿನ ಹಕ್ಕು ಇರುತ್ತಿತ್ತು. ಕೈಲಾಗದೇ ಹೋದರೆ ಅನ್ನ ಹಾಕುವ ಜವಾಬ್ದಾರಿ ಆ ಊರಿನದ್ದು. ಅದು ಹೆಚ್ಚಾಗಿ ಅಪ್ಪನಿಂದ ಬರುತ್ತಿತ್ತು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದವರ ರೇಷನ್ ಕಾರ್ಡು ಇನ್ನೂ ರಾಯಚೂರು ಕಡೆಯ ಹಳ್ಳಿಯಲ್ಲೇ ಇರುತ್ತಲ್ಲ, ಹಾಗೆ ಅಂದುಕೊಳ್ಳಿ. ಆ ಊರು ಈಗ ಯಾವ ದೇಶಕ್ಕೆ ಸೇರಿತೋ ನೀವು ಆ ದೇಶದ ಪ್ರಜೆ. ನೀವು ಇರೋದು ವಿಯೆನ್ನಾದಲ್ಲೇ ಇರಬಹುದು, ಅದು ಲೆಕ್ಕಕ್ಕಿಲ್ಲ.

ಇದರ ಅನ್ಯಾಯ ಸ್ವಲ್ಪ ಸರಿಹೋಗಲಿ ಅಂತ ಒಪ್ಪಂದದಲ್ಲಿ ಆಯ್ಕೆಯ ಹಕ್ಕು ಕೊಟ್ಟಿದ್ದರು. ಒಂದು ವರ್ಷದೊಳಗೆ ಬೇರೆ ದೇಶವನ್ನು ಆರಿಸಿಕೊಳ್ಳಬಹುದು. ಗಂಡ ಆರಿಸಿದ್ದೇ ಹೆಂಡತಿಗೂ, ಅವಳನ್ನು ಯಾರೂ ಪ್ರತ್ಯೇಕ ಕೇಳಲ್ಲ. 80ನೇ ವಿಧಿ ಇನ್ನೊಂದು ದಾರಿ ತೆರೆದಿತ್ತು. ನಿಮಗೆ ಊರಿನ ಹಕ್ಕಿರುವ ಕಡೆಯ ಬಹುಸಂಖ್ಯಾತರಿಗಿಂತ ನಿಮ್ಮ ಜನಾಂಗ ಮತ್ತು ಭಾಷೆ ಬೇರೆಯಾಗಿದ್ದರೆ, ನಿಮ್ಮಂಥವರೇ ಬಹುಸಂಖ್ಯಾತರಾಗಿರುವ ದೇಶವನ್ನು ಆರಿಸಿಕೊಳ್ಳಿ ಅಂತ. ಯುದ್ಧದ ಕಾಲದಲ್ಲಿ ಗಲೀಷಿಯಾದಿಂದ ಓಡಿಬಂದು ವಿಯೆನ್ನಾದಲ್ಲಿ ನೆಲೆಸಿದ್ದ ಸಾವಿರಾರು ಯಹೂದಿಗಳು ತಾವು ಜರ್ಮನ್ ಮಾತಾಡುವವರೆಂದು ಈ ವಿಧಿಯಡಿ ಅರ್ಜಿ ಹಾಕಿದರು. 1921ರಲ್ಲಿ ಆಸ್ಟ್ರಿಯಾದ ಗೃಹಮಂತ್ರಿ ಲಿಯೋಪೋಲ್ಡ್ ವಾಬರ್ ಮಾಡಿದ್ದು ಇಷ್ಟೇ: ಜನಾಂಗ ಅನ್ನೋ ಒಂದು ಪದ ಹಿಡಿದುಕೊಂಡ. ಭಾಷೆ ಜರ್ಮನ್ ಆದರೇನು, ಜನಾಂಗ ಬೇರೆಯಲ್ಲವೇ ಅಂತ ಅರ್ಜಿಗಳನ್ನು ಒದ್ದು ಹಾಕಿಸಿದ. ಹಿಟ್ಲರ್ ಅಧಿಕಾರಕ್ಕೆ ಬರಲು ಇನ್ನೂ 12 ವರ್ಷವಿತ್ತು. ಕಾನೂನಿನ ಒಂದೇ ಪದದಲ್ಲಿ ಮುಂದಿನದ್ದೆಲ್ಲ ಬೀಜವಾಗಿ ಕೂತಿತ್ತು.

ಆಗ ಜ್ವೈಗ್ ಸಾಲ್ಜ್‌ಬರ್ಗ್‌ನ ಗುಡ್ಡದ ಮೇಲಿನ ದೊಡ್ಡ ಮನೆಯಲ್ಲಿ, ಮೊದಲ ಹೆಂಡತಿ ಫ್ರಿಡರಿಕೆ ಜೊತೆ ಇದ್ದ. ಅವನಿಗೆ ಪೌರತ್ವದ ತಲೆನೋವೇ ಇರಲಿಲ್ಲ. 'ಅಮೋಕ್', 'ಮೇರಿ ಆಂಟೊನೆಟ್' ಎಲ್ಲ ಆ ಕಾಲದವು. ಪುಸ್ತಕಗಳು ಬಿಸಿ ದೋಸೆಯಂತೆ ಖರ್ಚಾಗುತ್ತಿದ್ದವು.

ಈ ಆಯ್ಕೆಯ ಹಕ್ಕು ನಮಗೇನೂ ಹೊಸದಲ್ಲ. ಕಾರವಾರದ ಪಕ್ಕದಲ್ಲೇ ಇದೆ ಉದಾಹರಣೆ. 1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿತು. 1962ರ ಮಾರ್ಚ್ 28ರ ಆದೇಶದ ಪ್ರಕಾರ ತಾವೋ, ತಂದೆತಾಯಿಯೋ, ಅಜ್ಜ ಅಜ್ಜಿಯೋ ಅಲ್ಲಿ ಹುಟ್ಟಿದ್ದರೆ ಅವರೆಲ್ಲ ಭಾರತದ ಪ್ರಜೆಗಳು. ಬೇಡ ಅನ್ನುವವರು ಒಂದು ತಿಂಗಳೊಳಗೆ ಬರೆದುಕೊಡಬೇಕು. ತಿಂಗಳ ಗಡುವು ತೀರಾ ಕಡಿಮೆ ಅಂತ ನನ್ನ ಅಭಿಪ್ರಾಯ, ಆದರೆ ಕೇಳಿದ್ದಂತೂ ಹೌದು, ಮತ್ತು ಕೇಳುವಾಗ ಧರ್ಮ ನೋಡಲಿಲ್ಲ. ಪೋರ್ಚುಗಲ್ 1974ರವರೆಗೂ ಆ ವಿಲೀನವನ್ನು ಒಪ್ಪಲೇ ಇಲ್ಲ, ಹಾಗಾಗಿ ಇವತ್ತಿಗೂ ಗೋವಾದ ಮಂದಿ ಲಿಸ್ಬನ್‌ನಲ್ಲಿ ಜನನ ನೋಂದಣಿ ಮಾಡಿಸಿ ಯುರೋಪಿನ ಪಾಸ್‌ಪೋರ್ಟ್ ಪಡೆಯುತ್ತಾರೆ. 2015ರ ಜುಲೈ 31ರ ಮಧ್ಯರಾತ್ರಿ ಭಾರತ-ಬಾಂಗ್ಲಾ ನಡುವೆ 162 ತುಂಡು ನೆಲಗಳು ಅದಲುಬದಲಾದಾಗಲೂ ಅಲ್ಲಿದ್ದವರನ್ನು ಯಾವ ಕಡೆ ಅಂತ ಕೇಳಿದ್ದರು.

ಇನ್ನು 1938ರಲ್ಲಿ ಕೇಳಿದ ರೀತಿ ನೋಡಿ. ಏಪ್ರಿಲ್ 10ರಂದು ಆಸ್ಟ್ರಿಯಾದಲ್ಲಿ ಜನಮತಗಣನೆ ಆಯ್ತು. ಮತಪತ್ರದಲ್ಲಿ ಹೌದು ಅನ್ನೋದಕ್ಕೆ ದೊಡ್ಡ ವೃತ್ತ, ಇಲ್ಲ ಅನ್ನೋದಕ್ಕೆ ಸಣ್ಣ ವೃತ್ತ. ಶೇ. 99.7 ಹೌದು ಎಂದು ಫಲಿತಾಂಶ ಬಂತು. ಆದರೆ ಅಲ್ಲಿನ ಯಹೂದಿಗಳಿಗೆ ಮತವೇ ಇರಲಿಲ್ಲ. ನಾಜಿ ಕಾನೂನಿನ ಲೆಕ್ಕದಲ್ಲಿ ಯಹೂದಿ ಅನ್ನಿಸಿಕೊಂಡವರು ಸುಮಾರು 2 ಲಕ್ಷ ಜನ. ಯಾರ ಪೌರತ್ವ ಪಣಕ್ಕಿತ್ತೋ ಅವರನ್ನು ಬಿಟ್ಟು ಉಳಿದವರನ್ನು ಕೇಳಿದರು. ಜುಲೈನಲ್ಲಿ ಬಂದ ಆದೇಶ ಆಸ್ಟ್ರಿಯಾದವರನ್ನೆಲ್ಲ ಜರ್ಮನ್ ರಾಷ್ಟ್ರೀಯರನ್ನಾಗಿ ಮಾಡಿತು. ಕೇಳೋಕೆ ಉದಾರವಾಗಿದೆ. ಆದರೆ ಜರ್ಮನಿಯಲ್ಲಿ 1935ರಿಂದಲೇ ಎರಡು ಮಜಲಿನ ಮನೆ ಕಟ್ಟಿಟ್ಟಿದ್ದರು. ಮೇಲಿನ ಮಜಲಿನಲ್ಲಿ ಹಕ್ಕುಳ್ಳ ಪೌರರು, ಕೆಳಗೆ ಬರೀ ಆಳಿಸಿಕೊಳ್ಳುವವರು. ಯಹೂದಿಗಳಿಗೆ ಕೆಳಗಿನದ್ದು. ಅಕ್ಟೋಬರ್ 5ರಿಂದ ಅವರ ಪಾಸ್‌ಪೋರ್ಟಿನ ಮೇಲೆ ಕೆಂಪು 'ಜೆ' ಅಕ್ಷರ ಬಿತ್ತು. ಆಸ್ಟ್ರಿಯಾದಿಂದ ಓಡಿಬರುವವರನ್ನು ಗಡಿಯಲ್ಲೇ ಗುರುತಿಸಿ ತಡೆಯಲು ಸ್ವಿಟ್ಜರ್ಲೆಂಡ್ ಹಾಕಿದ ಒತ್ತಡ ಇದರ ಹಿಂದಿತ್ತು. ಪಾಸ್‌ಪೋರ್ಟ್ ಅಂದರೆ ದಾಟಿಸುವ ಕಾಗದ ಅಂದುಕೊಂಡಿದ್ದೇವೆ ನಾವು.

ಜ್ವೈಗ್ ದೇಶ ಬಿಟ್ಟದ್ದು ಇದಕ್ಕಿಂತ ಮೊದಲೇ. 1933ರ ಮೇ 10ರಂದು ಜರ್ಮನಿಯಲ್ಲಿ ಅವನ ಪುಸ್ತಕಗಳನ್ನೂ ಸುಟ್ಟರು. 1934ರ ಫೆಬ್ರವರಿಯಲ್ಲಿ ಆಸ್ಟ್ರಿಯಾದ ಪೊಲೀಸರು, ನಾಜಿಗಳಲ್ಲ, ಆಸ್ಟ್ರಿಯಾದವರೇ, ಶಸ್ತ್ರಾಸ್ತ್ರ ಹುಡುಕುತ್ತೇವೆಂದು ಅವನ ಮನೆ ಜಾಲಾಡಿದರು. ಯುದ್ಧವಿರೋಧಿ ಲೇಖಕನ ಮನೆಯಲ್ಲಿ ಬಂದೂಕು! ಕೆಲವೇ ದಿನಗಳಲ್ಲಿ ಪೆಟ್ಟಿಗೆ ಕಟ್ಟಿ ಲಂಡನ್ನಿಗೆ ಹೊರಟ. ಆದರೆ ಬಹಿರಂಗವಾಗಿ ಗುಡುಗಲಿಲ್ಲ. ಕ್ಲಾಸ್ ಮನ್ ನಡೆಸುತ್ತಿದ್ದ ನಾಜಿವಿರೋಧಿ ಪತ್ರಿಕೆಯಿಂದ ಹಿಂದೆ ಸರಿದ. ರಿಚರ್ಡ್ ಸ್ಟ್ರೌಸ್‌ಗೆ ಬರೆದುಕೊಟ್ಟ ಒಪೆರಾ 1935ರಲ್ಲಿ ಡ್ರೆಸ್ಡನ್‌ನಲ್ಲಿ ಕೆಲವು ಪ್ರದರ್ಶನ ಕಂಡು ನಿಷೇಧವಾಯಿತು. ಆಗಲೂ ಮೌನ. ತಾನು ಯುರೋಪಿಗೆ ಸೇರಿದವನು, ಪಕ್ಷಗಳಿಗಲ್ಲ ಅನ್ನೋದು ಅವನ ನಿಲುವು. ಹನ್ನಾ ಅರೆಂಟ್ ಇದಕ್ಕಾಗಿ 1943ರಲ್ಲಿ ಅವನ ಆತ್ಮಕಥನವನ್ನು ಖಾರವಾಗಿ ಟೀಕಿಸಿದಳು. ನಾನು ಅರೆಂಟ್ ಕಡೆಗೇ ವಾಲುತ್ತೇನೆ, ಅರ್ಧ ಮಾತ್ರ. ವಿಶ್ವಮಾನವನಾಗಿರೋದು ಒಳ್ಳೆಯದೇ, ಕುವೆಂಪು ಓದಿ ಬೆಳೆದ ನಮಗೆ ಅದನ್ನು ಹೇಳಿಕೊಡಬೇಕಿಲ್ಲ. ಆದರೆ ಯಾವ ಗಡಿಯ ಅಧಿಕಾರಿಯೂ ವಿಶ್ವಮಾನವ ಅನ್ನೋ ಕಾಗದಕ್ಕೆ ಠಸ್ಸೆ ಒತ್ತಲ್ಲ. ಇನ್ನರ್ಧ ಯಾಕೆ ಒಪ್ಪಲ್ಲ ಅಂದರೆ, ಅವನು ಗುಡುಗಿದ್ದರೂ ಪಾಸ್‌ಪೋರ್ಟ್ ಹೋಗುತ್ತಿತ್ತು. ಗುಡುಗಿದ ಥಾಮಸ್ ಮನ್‌ನ ಪೌರತ್ವವನ್ನು ಜರ್ಮನಿ 1936ರಲ್ಲಿ ಕಿತ್ತುಕೊಂಡಿತು. ಪ್ರೊಸೆಚ್ ಅನ್ನೋ ಚೆಕ್ ಊರೊಂದು ಅವನನ್ನು ತನ್ನವನೆಂದು ಒಪ್ಪಿದ್ದರಿಂದ ಅವನಿಗೆ ಚೆಕ್ ಪೌರತ್ವ ಸಿಕ್ಕಿತ್ತು. ಮೂರು ವರ್ಷ ತುಂಬುವ ಮೊದಲೇ ಆ ದೇಶವನ್ನೂ ಹಿಟ್ಲರ್ ನುಂಗಿದ.

ಲಂಡನ್ನಿನಲ್ಲಿ ಜ್ವೈಗ್ ದೇಶವಿಲ್ಲದವರಿಗೆ ಕೊಡುವ ಗುರುತಿನ ಪತ್ರಕ್ಕೆ ಅರ್ಜಿ ಹಾಕಿದ. ಆ ಪತ್ರ ಸಿಕ್ಕಿತು. ಆದರೆ ಅದನ್ನು ಕೈಗೆ ತೆಗೆದುಕೊಂಡಾಗ ಹೊಳೆದ ವ್ಯತ್ಯಾಸವನ್ನು ಅವನು ಆತ್ಮಕಥನದಲ್ಲಿ ಬಹಳ ಸರಿಯಾಗಿ ಗುರುತಿಸಿದ್ದಾನೆ. ಆಸ್ಟ್ರಿಯಾದ ಪಾಸ್‌ಪೋರ್ಟ್ ತನ್ನ ಹಕ್ಕಾಗಿತ್ತು, ಕೊಡಲೇಬೇಕಿತ್ತು. ಇದು ದಯೆ, ಯಾವ ಗಳಿಗೆಯಲ್ಲಾದರೂ ವಾಪಸ್ ಕೇಳಬಹುದು. ನಿನ್ನೆಯವರೆಗೆ ಅತಿಥಿಯಾಗಿದ್ದವನು ಇವತ್ತು ನಿರಾಶ್ರಿತ. ಪ್ರತಿ ಪ್ರಯಾಣಕ್ಕೂ ಫಾರಂ, ಫೋಟೊ, ಬೆರಳಚ್ಚು, ಆರೋಗ್ಯ ಪತ್ರ, ಶಿಫಾರಸು ಪತ್ರ.

ನಾನು ಇಂಜಿನಿಯರಿಂಗ್ ಓದುವಾಗ ಮೊದಲ ವರ್ಷವೇ ಕಲಿಸಿದ ಒಂದು ಮಾತಿದೆ: ಇಡೀ ರಚನೆಯ ಭಾರ ಒಂದೇ ಬೋಲ್ಟಿನ ಮೇಲೆ ಬೀಳುವಂತೆ ವಿನ್ಯಾಸ ಮಾಡಬೇಡಿ. ಇಪ್ಪತ್ತನೇ ಶತಮಾನ ಮನುಷ್ಯನ ವಾಸ, ಕೆಲಸ, ಮದುವೆ, ಮರಣ ಎಲ್ಲವನ್ನೂ ರಾಷ್ಟ್ರೀಯತೆ ಅನ್ನೋ ಒಂದೇ ಬೋಲ್ಟಿಗೆ ಬಿಗಿಯಿತು. ಸ್ಪ್ಯಾನರ್ ಮಾತ್ರ ಸರ್ಕಾರದ ಕೈಯಲ್ಲಿ.

ಜ್ವೈಗ್‌ನ ತಾಯಿ ಇಡಾ ವಿಯೆನ್ನಾದಲ್ಲೇ ಉಳಿದಿದ್ದಳು. ವಯಸ್ಸು 84. ನಡೆದಾಡುವಾಗ ಐದು ಹತ್ತು ನಿಮಿಷಕ್ಕೊಮ್ಮೆ ಕೂರಬೇಕಿತ್ತು. ಹೊಸ ಆಡಳಿತ ಬಂದು ವಾರವಾಗುವಷ್ಟರಲ್ಲಿ ಯಹೂದಿಗಳು ಸಾರ್ವಜನಿಕ ಬೆಂಚಿನ ಮೇಲೆ ಕೂರುವಂತಿಲ್ಲ ಅಂತ ಆಯಿತು ಎಂದು ಮಗ ಬರೆಯುತ್ತಾನೆ. ಅವಳು ಸಾಯುವ ರಾತ್ರಿ ಅರವತ್ತರ ಹತ್ತಿರದ ಒಬ್ಬ ಸಂಬಂಧಿ ಜೊತೆಗೆ ಉಳಿಯಬೇಕೆಂದಿದ್ದ. ಆದರೆ ಆರೈಕೆಗೆ ಬಂದ ನರ್ಸ್ ಯಹೂದಿಯಲ್ಲ, ಐವತ್ತು ದಾಟಿರಲಿಲ್ಲ. ಯಹೂದಿ ಗಂಡಸಿದ್ದ ಸೂರಿನಡಿ ಅವಳು ರಾತ್ರಿ ಕಳೆಯುವಂತಿಲ್ಲ. ಸಂಬಂಧಿ ಎದ್ದು ಹೋಗಬೇಕಾಯಿತು. 1938ರ ಆಗಸ್ಟ್‌ನಲ್ಲಿ ಇಡಾ ತೀರಿಕೊಂಡಳು. ಮಗ ಹೋಗುವಂತಿರಲಿಲ್ಲ.

ಆ ವರ್ಷವೇ ಫ್ರಿಡರಿಕೆಯಿಂದ ವಿಚ್ಛೇದನ. ಎರಡನೇ ಹೆಂಡತಿಯಾಗಿ ಬಂದವಳು ಅವನ ಕಾರ್ಯದರ್ಶಿ ಲೊಟ್ಟೆ ಆಲ್ಟ್‌ಮನ್. ಅವಳ ಊರೂ ಕೈಬದಲಾದ ಊರೇ. 1908ರಲ್ಲಿ ಅವಳು ಹುಟ್ಟಿದಾಗ ಅದು ಜರ್ಮನಿಯ ಕಟ್ಟೊವಿಟ್ಜ್. 1921ರ ಜನಮತಗಣನೆಯಲ್ಲಿ ನಗರದ ಬಹುಮತ ಜರ್ಮನಿ ಕಡೆಗಿದ್ದರೂ ಮರುವರ್ಷ ಪೋಲೆಂಡಿನ ಕಟೊವಿತ್ಸೆ ಆಯ್ತು. 1939ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಬಾತ್ ಪಟ್ಟಣದ ನೋಂದಣಿ ಕಚೇರಿಗೆ ಮದುವೆ ಗೊತ್ತುಮಾಡಲು ಹೋದಾಗ ಪೋಲೆಂಡಿನ ಮೇಲೆ ದಾಳಿಯಾದ ಸುದ್ದಿ ಬಂತು. ಗುಮಾಸ್ತನಿಗೆ ಗೊಂದಲ. ಇವರನ್ನು ಯಾವ ದೇಶದವರೆಂದು ಬರೆದುಕೊಳ್ಳೋದು, ಮದುವೆ ಮಾಡಿಸಬಹುದೋ ಇಲ್ಲವೋ? ಕೊನೆಗೆ 6ರಂದು ಮದುವೆಯಾಯ್ತು, ಬ್ರಿಟನ್ ಯುದ್ಧ ಘೋಷಿಸಿದ ಮೂರು ದಿನಕ್ಕೆ.

ಅಷ್ಟರಲ್ಲಿ ಜ್ವೈಗ್ ಶತ್ರುದೇಶದ ಪ್ರಜೆ. ಇದನ್ನು ಎರಡು ಸಲ ಓದಬೇಕು. ರಕ್ಷಣೆ ಕೇಳಿ ಬಂದಾಗ ಅವನು ಯಾವ ದೇಶಕ್ಕೂ ಸೇರದವನು. ಯುದ್ಧ ಬಂದ ಕೂಡಲೇ ಜರ್ಮನ್. ಪುಸ್ತಕ ಸುಟ್ಟವರ ಲೆಕ್ಕದಲ್ಲಿ ಅವನು ಜರ್ಮನ್ ಅಲ್ಲ, ಅವರಿಂದ ತಪ್ಪಿಸಿಕೊಂಡು ಬಂದ ಕಡೆ ಜರ್ಮನ್. ಪೊಲೀಸರ ಅನುಮತಿ ಇಲ್ಲದೆ ಬಾತ್ ಬಿಟ್ಟು ದೂರ ಹೋಗುವಂತಿರಲಿಲ್ಲ. ಆ ತಿಂಗಳ ಕೊನೆಗೆ ಫ್ರಾಯ್ಡ್ ತೀರಿಕೊಂಡ. ಲಂಡನ್ನಿನಲ್ಲಿ ಅವನ ಅಂತ್ಯಸಂಸ್ಕಾರದಲ್ಲಿ ಜ್ವೈಗ್ ಮಾತಾಡಿದ. ಫ್ರಾಯ್ಡ್ ಕೂಡ ಅದೇ ವಿಯೆನ್ನಾದಿಂದ ಓಡಿಬಂದವನು.

1940ರ ಮಾರ್ಚ್‌ನಲ್ಲಿ ಬ್ರಿಟಿಷ್ ಪೌರತ್ವ ಸಿಕ್ಕಿತು. ಎರಡು ತಿಂಗಳು ತಡವಾಗಿದ್ದರೆ ಕಥೆ ಬೇರೆಯಾಗಬಹುದಿತ್ತು. ಮೇ-ಜೂನ್ ಹೊತ್ತಿಗೆ ಜರ್ಮನಿ, ಆಸ್ಟ್ರಿಯಾದಿಂದ ಬಂದ ಸಾವಿರಾರು ನಿರಾಶ್ರಿತರನ್ನು, ಬಹುಪಾಲು ಯಹೂದಿಗಳನ್ನೇ, ಬ್ರಿಟನ್ ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರಗಳಿಗೆ ಹಾಕಿತು. ಅವರಲ್ಲಿ ದರ್ಜಿಗಳು, ವಿದ್ಯಾರ್ಥಿಗಳು, ಸಂಗೀತಗಾರರಿದ್ದರು. ಜ್ವೈಗ್‌ಗೆ ದೊಡ್ಡವರ ಪರಿಚಯವಿತ್ತು, ಸ್ವಂತ ಮನೆಯಿತ್ತು. ಅವನ ಕಷ್ಟ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಸುಳ್ಳು ಹೇಳಿದ ಹಾಗೆ.

ಜೂನ್‌ನಲ್ಲಿ ಹಡಗು ಹತ್ತಿದ. ನ್ಯೂಯಾರ್ಕ್, ಬ್ರೆಜಿಲ್, ಅರ್ಜೆಂಟೀನಾ, ಮತ್ತೆ ಅಮೆರಿಕ, 1941ರ ಆಗಸ್ಟ್‌ನಲ್ಲಿ ಮತ್ತೆ ಬ್ರೆಜಿಲ್. ಅಲ್ಲಿ ಅವನಿಗೆ ಶಾಶ್ವತ ವಾಸದ ವೀಸಾ, ಸಭೆ ಸತ್ಕಾರ. ಅದೇ ಬ್ರೆಜಿಲ್ ಸರ್ಕಾರ 1937ರಲ್ಲೇ ಗುಟ್ಟಾದ ಸುತ್ತೋಲೆ ಹೊರಡಿಸಿ ಯಹೂದಿಗಳಿಗೆ ವೀಸಾ ಬಿಗಿ ಮಾಡಿತ್ತು. ಲೇಖಕ ಬರಬಹುದು, ದರ್ಜಿ ಬರಬಾರದು. ಜ್ವೈಗ್ ಆ ದೇಶವನ್ನು ಹೊಗಳಿ ಪುಸ್ತಕ ಬರೆದ. ಸರ್ವಾಧಿಕಾರಿ ವರ್ಗಾಸ್ ದುಡ್ಡು ಕೊಟ್ಟು ಬರೆಸಿದ್ದು ಅಂತ ಅಲ್ಲಿನ ಪತ್ರಕರ್ತರು ಆಡಿಕೊಂಡರು. ಆ ನವೆಂಬರ್ 25ರಂದು ಬರ್ಲಿನ್ ಇನ್ನೊಂದು ಆದೇಶ ತಂದಿತು: ಹೊರದೇಶದಲ್ಲಿರುವ ಯಹೂದಿಗಳ ರಾಷ್ಟ್ರೀಯತೆ ರದ್ದು, ಆಸ್ತಿ ಸರ್ಕಾರಕ್ಕೆ. ಮೂರು ವರ್ಷದ ಹಿಂದೆ ಕೇಳದೇ ಹೇರಿದ್ದನ್ನು ಕೇಳದೇ ಕಿತ್ತುಕೊಂಡರು.

ಪೆಟ್ರೊಪೊಲಿಸ್ ಅನ್ನೋ ಗುಡ್ಡದೂರಿನ ಸಣ್ಣ ಬಾಡಿಗೆ ಮನೆಯಲ್ಲಿ ಜ್ವೈಗ್ 'ಚೆಸ್' ಕಥೆ ಮುಗಿಸಿದ. ಜೇಬಿನಲ್ಲಿ ಒಳ್ಳೆಯ ಪಾಸ್‌ಪೋರ್ಟೇ ಇತ್ತು. ಆದರೆ ಅವನು ಬರೆಯುವ ಭಾಷೆಯ ಪುಸ್ತಕದಂಗಡಿಗಳಲ್ಲಿ ಅವನಿಗೆ ಜಾಗವಿರಲಿಲ್ಲ. 1942ರ ಫೆಬ್ರವರಿಯಲ್ಲಿ ರಿಯೊ ಕಾರ್ನಿವಲ್ ನಡೆಯುವಾಗ ಸಿಂಗಪುರ ಬಿದ್ದ ಸುದ್ದಿ ಬಂತು. ಫೆಬ್ರವರಿ 22ರ ರಾತ್ರಿ ಅವನೂ ಲೊಟ್ಟೆಯೂ ಪ್ರಾಣ ಕಳೆದುಕೊಂಡರು. ಅವನಿಗೆ 60, ಅವಳಿಗೆ 33. ಪಾಸ್‌ಪೋರ್ಟ್ ಹೋದದ್ದಕ್ಕೇ ಸತ್ತ ಅಂತ ಸರಳ ಮಾಡೋದು ಬೇಡ. ಖಿನ್ನತೆ ಅವನನ್ನು ಮೊದಲಿಂದಲೂ ಕಾಡುತ್ತಿತ್ತು, ಲೊಟ್ಟೆ ಆಸ್ತಮಾದಿಂದ ಬಳಲಿದ್ದಳು.

ಯುದ್ಧ ಮುಗಿದು ಆಸ್ಟ್ರಿಯಾ ಮತ್ತೆ ದೇಶವಾಯಿತು. 1945ರ ಕಾನೂನು 1938ರ ಮಾರ್ಚ್ 13ರಂದು ಪ್ರಜೆಗಳಾಗಿದ್ದವರಿಗೆ ಪೌರತ್ವ ವಾಪಸ್ ಕೊಟ್ಟಿತು, ಒಂದು ವಿನಾಯಿತಿಯೊಂದಿಗೆ. ನಡುವೆ ಬೇರೆ ದೇಶದ ಪೌರತ್ವ ಪಡೆದವರಿಗೆ ಅದು ಸಿಗಲ್ಲ. ಅಂದರೆ ಓಡಿಹೋಗಿ ಬದುಕಿ, ಹೊಸ ದೇಶದಲ್ಲಿ ಹೇಗೋ ಕಾಗದ ಮಾಡಿಸಿಕೊಂಡವರು ಹೊರಗೆ. ಹಿಟ್ಲರನಿಗೆ ಜೈ ಅಂದು ಅಲ್ಲೇ ಉಳಿದವರು ಒಳಗೆ. ಇದು ಪೂರ್ತಿ ಸರಿಹೋಗಲು ಬಹಳ ಕಾಲ ಹಿಡಿಯಿತು. 2019ರಲ್ಲಿ ತಿದ್ದಿ, 2020ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ ಆಗ ಓಡಿಹೋದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಒಂದು ಘೋಷಣೆ ಸಲ್ಲಿಸಿ ಆಸ್ಟ್ರಿಯಾದ ಪ್ರಜೆಗಳಾಗಬಹುದು. ಈಗಿರುವ ಪೌರತ್ವವನ್ನು ಬಿಡಬೇಕಿಲ್ಲ.

ಜ್ವೈಗ್ ಮತ್ತು ಲೊಟ್ಟೆಗೆ ಮಕ್ಕಳಿರಲಿಲ್ಲ. ಅವರ ಹೆಸರು ಬರೆದು ಆ ಫಾರಂ ತುಂಬುವವರು ಯಾರೂ ಇಲ್ಲ.